ಕಾಯುವವರ ಕೆಲಸ: ಕ್ರೈಸ್ತ ಅಂತ್ಯಕಾಲದ ಬೋಧನೆಯನ್ನು ವಿಶ್ವಾಸದಿಂದ ಎದುರುಗೊಳ್ಳುವ ಬಗೆ



ಈ ದತ್ತಿ ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಮಿತಿಯವರು ಹೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಕೆಲವು ವರ್ಷಗಳಿಂದ ನಮ್ಮ ಸಭೆಗಳಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ‘ಇದು ಕಡೇ ಕಾಲವೇ?’ ಮಹಾಮಾರಿ ಬಂದಾಗ ಕೇಳಿದರು. ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಕೇಳಿದರು. ಗಾಜಾದ ಸುದ್ದಿ ಬರತೊಡಗಿದ ಮೇಲೆ ಇನ್ನೂ ಗಟ್ಟಿಯಾಗಿ ಕೇಳುತ್ತಿದ್ದಾರೆ. ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಭಯವೇ ಹೆಚ್ಚು. ಅವರಿಗೆ ಉತ್ತರ ಕೊಡಬೇಕಾದ ನಾವು ಮಾತು ತಪ್ಪಿಸಿಕೊಂಡು ಓಡಾಡಿದ್ದರಿಂದ ಉತ್ತರವನ್ನು ಅವರು ಮೊಬೈಲಿನಲ್ಲಿ ಹುಡುಕಿಕೊಂಡರು. ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಹೆದರಿಕೆಯೇ.

ನಾನು ಹೇಳಬೇಕೆಂದಿರುವುದು ಇಷ್ಟು. ಅಂತ್ಯದ ಬೋಧನೆ ಕ್ರೈಸ್ತ ವಿಶ್ವಾಸಕ್ಕೆ ಮೇಲಿನಿಂದ ಅಂಟಿಸಿದ್ದಲ್ಲ, ಅದರ ಮೂಳೆಯಲ್ಲೇ ಇದೆ. ಯೇಸುಸ್ವಾಮಿ ಮತ್ತೆ ಬರುತ್ತಾರೆ, ಸತ್ತವರೂ ಬದುಕಿರುವವರೂ ಅವರ ಮುಂದೆ ನಿಲ್ಲುತ್ತಾರೆ ಎಂದು ನಾವು ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ. ನಾನೂ ಅದನ್ನು ನಂಬಿಯೇ ಹೇಳುತ್ತೇನೆ. ಆದರೆ ಈ ಬೋಧನೆ ಹುಟ್ಟಿದ್ದು ಹೆದರಿದವರಿಗೆ ಧೈರ್ಯ ಹೇಳಲು. ಯಾರ ಬಾಯಲ್ಲಿ ಅದು ಜನರ ಎದೆ ನಡುಗಿಸಿ, ಕೈಯ ಕೆಲಸ ಬಿಡಿಸಿ, ನೆರೆಯವರಿಂದ ದೂರ ಮಾಡುತ್ತದೋ ಅವರ ಬಾಯಲ್ಲಿ ಅದು ತನ್ನ ಬುಡದಿಂದ ಕಳಚಿಕೊಂಡಿದೆ ಎಂದೇ ತಿಳಿಯಬೇಕು.

ಬುಡ ಎಲ್ಲಿದೆ ನೋಡೋಣ. ಕ್ರಿ.ಶ. 50ರ ಆಸುಪಾಸು. ಮಕೆದೋನ್ಯದ ರೇವುಪಟ್ಟಣ ಥೆಸಲೊನೀಕ. ಪೌಲ ಅಲ್ಲಿ ಸ್ವಲ್ಪ ಕಾಲವಷ್ಟೇ ಇದ್ದು, ಗಲಭೆ ಎದ್ದದ್ದರಿಂದ ರಾತ್ರೋರಾತ್ರಿ ಊರು ಬಿಟ್ಟಿದ್ದ. ಹಿಂದೆ ಉಳಿದ ಪುಟ್ಟ ಸಭೆಗೆ ಆತ ಬರೆದ ಮೊದಲ ಪತ್ರಿಕೆ, ನಮಗೆ ಉಳಿದುಬಂದಿರುವ ಕ್ರೈಸ್ತ ಬರಹಗಳಲ್ಲಿ ಬಹುಶಃ ಎಲ್ಲಕ್ಕಿಂತ ಹಳೆಯದು. ಅಲ್ಲಿನವರು ಸ್ವಾಮಿಯ ಬರೋಣ ಇಂದೋ ನಾಳೆಯೋ ಎಂದು ನಂಬಿದ್ದರು. ಅಷ್ಟರಲ್ಲಿ ಅವರ ಪೈಕಿ ಕೆಲವರು ತೀರಿಕೊಂಡರು. ಉಳಿದವರಿಗೆ ದಿಕ್ಕು ತೋಚದಾಯಿತು. ಸ್ವಾಮಿ ಬರುವ ದಿನ ನಮ್ಮಪ್ಪ ಇರುವುದಿಲ್ಲವಲ್ಲ, ನನ್ನ ಹೆಂಡತಿ ಇರುವುದಿಲ್ಲವಲ್ಲ, ಅವರು ಹಾಗೇ ಹೊರಗೇ ಉಳಿದುಬಿಡುತ್ತಾರೆಯೇ? ಎರಡನೆಯ ಬರೋಣದ ಬಗ್ಗೆ ಪೌಲ ಬರೆದದ್ದು ಈ ಅಳುವಿಗೆ ಉತ್ತರವಾಗಿ. ಸತ್ತವರು ಹಿಂದೆ ಉಳಿಯುವುದಿಲ್ಲ, ಅವರೇ ಮೊದಲು ಏಳುತ್ತಾರೆ, ಆಮೇಲೆ ನಾವೆಲ್ಲ ಒಟ್ಟಿಗೆ ಇರುತ್ತೇವೆ ಎಂದು ಹೇಳಿ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ ಎಂದು ಆತ ಮುಗಿಸುತ್ತಾನೆ. ಇಂದು ಯಾವ ವಚನಗಳನ್ನು ಹಿಡಿದು, ವಿಶ್ವಾಸಿಗಳು ಒಮ್ಮೆಗೇ ಮೇಲಕ್ಕೆ ಎತ್ತಲ್ಪಟ್ಟು ವಿಮಾನದ ಪೈಲಟ್ ಮಾಯವಾದರೆ ಏನಾಗುತ್ತದೆ ಎಂದು ಚಿಕ್ಕ ಮಕ್ಕಳನ್ನು ಹೆದರಿಸುತ್ತಾರೋ ಅವೇ ವಚನಗಳು ಇವು. ಸಾವಿನ ಮನೆಯಲ್ಲಿ ಹೇಳಿದ ಸಾಂತ್ವನ ಅದು.

ಅದೇ ಅಧ್ಯಾಯದಲ್ಲಿ, ಬರೋಣದ ಮಾತಿಗೆ ಸ್ವಲ್ಪ ಮೊದಲು, ಪೌಲ ಇನ್ನೊಂದು ಮಾತು ಹೇಳಿದ್ದಾನೆ. ನಮ್ಮ ಪ್ರಸಂಗಗಳಲ್ಲಿ ಅದು ಕೇಳಿಬರುವುದು ಅಪರೂಪ. ಸುಮ್ಮನೆ ಶಾಂತವಾಗಿ ಬದುಕಿ, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ, ಸ್ವಂತ ಕೈಯಿಂದ ದುಡಿಯಿರಿ ಎಂಬುದು ಆ ಮಾತು. ಎರಡನೆಯ ಪತ್ರಿಕೆಯ ಹೊತ್ತಿಗೆ ಕೆಲವರು ದುಡಿಮೆ ಬಿಟ್ಟು ಪರರ ವಿಷಯದಲ್ಲಿ ತಲೆಹಾಕುತ್ತಿದ್ದರು. ಕರ್ತನ ದಿನ ಬಂದೇಬಿಟ್ಟಿದೆ ಎಂದು ಪೌಲನ ಹೆಸರಿನಲ್ಲೇ ಪತ್ರ ಹರಡಿರುವ ಗುಮಾನಿಯೂ ಇತ್ತು. ದುಡಿಯಲು ಒಪ್ಪದವನು ಊಟಕ್ಕೂ ಬರಬಾರದು ಎಂಬ ಖಾರವಾದ ಮಾತು ಬಂದದ್ದು ಆ ಸಂದರ್ಭದಲ್ಲಿ. ಆ ಮಾತನ್ನು ನಾವು ಬಡವರ ಮೇಲೆ, ಕೆಲಸ ಸಿಗದವರ ಮೇಲೆ ಎಸೆಯುತ್ತೇವೆ, ಅದು ತಪ್ಪು. ಅಂತ್ಯ ಬಂತೆಂದು ನೇಗಿಲು ಕೆಳಗಿಟ್ಟವರಿಗೆ ಹೇಳಿದ್ದು ಅದು.

ಇನ್ನು ಪ್ರಕಟನೆ ಗ್ರಂಥ. ಬಹಳ ಹೊತ್ತು ಇಲ್ಲಿ ನಿಲ್ಲಬೇಕು, ಏಕೆಂದರೆ ನಮ್ಮ ಎಲ್ಲ ಭಯದ ಚಿತ್ರಗಳೂ ಅಲ್ಲಿಂದಲೇ ಬರುತ್ತವೆ. ಇಂದಿನ ಟರ್ಕಿಯ ಪಶ್ಚಿಮ ಕರಾವಳಿಗೆ ಎದುರಾಗಿ ಪತ್ಮೋಸ್ ಎಂಬ ದ್ವೀಪ. ವಿಶ್ವಾಸದ ಕಾರಣಕ್ಕೆ ಅಲ್ಲಿಗೆ ಬಂದು ಬಿದ್ದ ಯೋಹಾನ, ಎದುರಿನ ದಡದ ಹಾಗೂ ಒಳನಾಡಿನ ಏಳು ಪಟ್ಟಣಗಳ ಸಭೆಗಳಿಗೆ ಬರೆದ ಪತ್ರವೇ ಈ ಗ್ರಂಥ. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಹೆಚ್ಚಿನ ವಿದ್ವಾಂಸರು ಇದನ್ನು ಚಕ್ರವರ್ತಿ ದೊಮಿಷಿಯನ್ನನ ಕೊನೆಯ ವರ್ಷಗಳಿಗೆ, ಅಂದರೆ ಕ್ರಿ.ಶ. 95ರ ಸುಮಾರಿಗೆ, ಹಾಕುತ್ತಾರೆ. ಚಕ್ರವರ್ತಿಗೆ ಗುಡಿ ಕಟ್ಟಿ ಧೂಪ ಹಾಕುವುದು ಆ ಪಟ್ಟಣಗಳಲ್ಲಿ ಪ್ರತಿಷ್ಠೆಯ ವಿಷಯವಾಗಿತ್ತು. ಹಾಕದವನಿಗೆ ವ್ಯಾಪಾರವಿಲ್ಲ, ವೃತ್ತಿಸಂಘದ ಊಟವಿಲ್ಲ. ಕೆಲವೊಮ್ಮೆ ತಲೆಯೇ ಇಲ್ಲ.

ಆ ಏಳು ಪತ್ರಗಳಲ್ಲಿ ಕೊನೆಯದನ್ನು ಹತ್ತಿರದಿಂದ ನೋಡಿ. ಲವೊದಿಕೀಯ ಹಣವಂತರ ಊರು. ಕ್ರಿ.ಶ. 60ರಲ್ಲಿ ಭೂಕಂಪದಿಂದ ನೆಲಸಮವಾದಾಗ ರೋಮಿನ ನೆರವು ಪಡೆಯದೆ ತಮ್ಮ ಸ್ವಂತ ಬೊಕ್ಕಸದಿಂದಲೇ ಊರನ್ನು ಮತ್ತೆ ಎಬ್ಬಿಸಿಕೊಂಡರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಹಣದ ವಹಿವಾಟು, ಮೃದುವಾದ ಕಪ್ಪು ಉಣ್ಣೆ, ಆ ಸೀಮೆಯ ಕಣ್ಣಿನ ಔಷಧ, ಈ ಮೂರಕ್ಕೆ ಊರು ಹೆಸರಾಗಿತ್ತು. ಯೋಹಾನನ ಪತ್ರ ಸರಿಯಾಗಿ ಆ ಮೂರನ್ನೇ ಹಿಡಿದು ಅಲುಗಾಡಿಸುತ್ತದೆ: ನೀವು ಬಡವರು, ಬೆತ್ತಲೆಯಾಗಿದ್ದೀರಿ, ಕುರುಡರು. ಏಳು ಸಭೆಗಳಲ್ಲಿ ಒಂದೂ ಆಕ್ಷೇಪಣೆ ಕೇಳದೆ ಪಾರಾಗುವುದು ಎರಡೇ. ಸ್ಮುರ್ನ, ಅದು ಬಡ ಸಭೆ. ಫಿಲದೆಲ್ಫಿಯ, ಅದು ಬಲವಿಲ್ಲದ ಸಭೆ. ಅಂತ್ಯದ ಗ್ರಂಥ ಶುರುವಾಗುವುದೇ ಹೀಗೆ, ಓದುವವನ ಕಿಸೆಯನ್ನೂ ಬಟ್ಟೆಯನ್ನೂ ಕಣ್ಣನ್ನೂ ತಡಕಿ ನೋಡುವುದರಿಂದ. ಮೃಗವೂ ಘಟಸರ್ಪವೂ ಬರುವುದು ಆಮೇಲೆ. ನಾವು ಮೊದಲ ಮೂರು ಅಧ್ಯಾಯಗಳನ್ನು ಹಾರಿಸಿ ನೇರವಾಗಿ ಮೃಗಕ್ಕೆ ಹೋಗುತ್ತೇವೆ.

18ನೆಯ ಅಧ್ಯಾಯದಲ್ಲಿ ಬಾಬೆಲಿನ ಪತನ. ಬಾಬೆಲೆಂದರೆ ರೋಮೆಂದು ಆಗಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿ ಅಳುವವರು ಯಾರು? ವರ್ತಕರು. ಇನ್ನು ತಮ್ಮ ಸರಕು ಕೊಳ್ಳುವವರಿಲ್ಲವಲ್ಲ ಎಂದು ಅಳುತ್ತಾರೆ. ಯೋಹಾನ ಆ ಸರಕಿನ ಪಟ್ಟಿಯನ್ನೇ ಕೊಡುತ್ತಾನೆ: ಚಿನ್ನ, ಬೆಳ್ಳಿ, ರತ್ನ, ಮುತ್ತು, ನಾರುಮಡಿ, ರೇಷ್ಮೆ, ದಂತ, ತಾಮ್ರ, ಕಬ್ಬಿಣ, ಅಮೃತಶಿಲೆ, ದಾಲ್ಚಿನ್ನಿ, ಧೂಪ, ದ್ರಾಕ್ಷಾರಸ, ಎಣ್ಣೆ, ಗೋದಿ, ದನ, ಕುರಿ, ಕುದುರೆ. ಕಟ್ಟಕಡೆಯಲ್ಲಿ ಮನುಷ್ಯರು, ಮನುಷ್ಯರ ಪ್ರಾಣಗಳು. ಕರಾವಳಿಯವರಾದ ನಮಗೆ ಈ ಪಟ್ಟಿ ಪರಕೀಯವಲ್ಲ. ಮುತ್ತು, ದಂತ, ಸಂಬಾರ ಪದಾರ್ಥಗಳು ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಮುಜಿರಿಸಿನಂಥ ರೇವುಗಳಿಂದಲೇ ಹಡಗು ಹತ್ತಿ ರೋಮಿಗೆ ಹೋಗುತ್ತಿದ್ದವು. ಪಟ್ಟಿ ಚಿನ್ನದಿಂದ ಶುರುವಾಗಿ ಮನುಷ್ಯನಲ್ಲಿ ಮುಗಿಯುತ್ತದೆ. ಆ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಅವನೇ. ದೇವರ ತೀರ್ಪು ಏಕೆ ಬರುತ್ತದೆ ಎಂಬುದಕ್ಕೆ ಯೋಹಾನ ಕೊಡುವ ಕಾರಣಗಳಲ್ಲಿ ಇದು ದೊಡ್ಡದು. ಅಂತ್ಯಕಾಲದ ಪ್ರಸಂಗ ಮಾಡುವವರು ಜೀತದ ಬಗ್ಗೆ, ಹುಡುಗಿಯರ ಸಾಗಾಟದ ಬಗ್ಗೆ, ಸಂಬಳ ಕೊಡದೆ ದುಡಿಸುವವರ ಬಗ್ಗೆ ಬಾಯಿ ಬಿಡದಿದ್ದರೆ ಅವರು ಪ್ರಕಟನೆಯನ್ನು ಅರ್ಧವೇ ಓದಿದ್ದಾರೆ.

ಇನ್ನು ಮೃಗದ ಅಂಕಿ 666ರ ವಿಷಯ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ‘ನೇರೋನ್ ಕೈಸರ್’ ಎಂದು ಆ ಲಿಪಿಯಲ್ಲಿ ಬರೆದು ಕೂಡಿಸಿದರೆ 50, 200, 6, 50, 100, 60, 200. ಒಟ್ಟು 666. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದಿದೆ. ಲ್ಯಾಟಿನ್ ರೀತಿಯಲ್ಲಿ ಕೊನೆಯ ‘ನ್’ ಬಿಟ್ಟು ‘ನೇರೋ’ ಎಂದರೆ 50 ಕಳೆದು 616 ಆಗುತ್ತದೆ; ಎರಡು ಪಾಠಗಳೂ ಒಬ್ಬನನ್ನೇ ತೋರಿಸುತ್ತವೆ. ಕ್ರೈಸ್ತರನ್ನು ಹಿಂಸಿಸಿ ಕೊಂದ ನೀರೋ ಚಕ್ರವರ್ತಿಯ ಕಡೆಗೇ ಈ ಅಂಕಿ ಬೆರಳು ಮಾಡುತ್ತದೆಂದು ಅನೇಕ ವಿದ್ವಾಂಸರು ಹೇಳುವುದು ಇದರಿಂದ. ಎರಡನೆಯ ಶತಮಾನದ ಇರೆನೇಯಸನಿಗೆ 616ರ ಪಾಠ ಗೊತ್ತಿತ್ತು. ಅಂಕಿಯಿಂದ ಹೆಸರು ಊಹಿಸಿ ಸಾರುವುದು ಅಪಾಯ ಎಂದು ಆತ ಆಗಲೇ ಎಚ್ಚರಿಸಿದ್ದ. ಆದರೂ ಬಾರ್‌ಕೋಡ್ ಬಂದಾಗ ಅದೇ ಮೃಗದ ಗುರುತು ಎಂದರು, ಆಧಾರ್ ಬಂದಾಗ ಎಂದರು, ಕೋವಿಡ್ ಲಸಿಕೆ ಬಂದಾಗ ಎಂದರು.

ಲಸಿಕೆ ಬೇಡವೆಂದು ಹಟ ಹಿಡಿದಿದ್ದ ನಮ್ಮ ಸಭೆಯ ಅಜ್ಜಿಯೊಬ್ಬರ ಮನೆಗೆ ಆಗ ಹೋಗಿದ್ದೆ. ‘ಮಾಸ್ಟ್ರೇ, ಅದು ಮೃಗದ ಗುರುತಂತೆ. ಹಾಕಿಸಿಕೊಂಡರೆ ಪರಲೋಕ ತಪ್ಪುತ್ತದಂತೆ. ಮೊಬೈಲಿನಲ್ಲಿ ಬಂದಿದೆ’ ಎಂದರು. ನಾನು ವಾದಕ್ಕೆ ಇಳಿಯಲಿಲ್ಲ. ಅವರದೇ ಸತ್ಯವೇದ ತೆಗೆದು ಪ್ರಕಟನೆಯ 13ನೆಯ ಅಧ್ಯಾಯ ಓದಿದೆ. ಅಲ್ಲಿ ನಿಲ್ಲಿಸದೆ 14ರ ಮೊದಲ ಸಾಲುಗಳನ್ನೂ ಓದಿದೆ. ಅಲ್ಲಿ ಕುರಿಮರಿಯ ಜೊತೆ ನಿಂತವರ ಹಣೆಯ ಮೇಲೆ ಇನ್ನೊಂದು ಹೆಸರು ಬರೆದಿದೆ, ಕುರಿಮರಿಯದು ಮತ್ತು ತಂದೆಯದು. ‘ಅಜ್ಜಿ, ದೀಕ್ಷಾಸ್ನಾನದ ದಿನ ಪಾದ್ರಿಯವರು ನಿಮ್ಮ ಹಣೆಗೆ ನೀರು ಹಾಕಿದ್ದು ಯಾರ ಹೆಸರಿನಲ್ಲಿ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು: ‘ಹಾಗಾದರೆ ಅದನ್ನು ಅಳಿಸಲಿಕ್ಕೆ ಒಂದು ಸೂಜಿಗೆ ಆಗುತ್ತದಾ?’ ಮುಂದೆ ಸೊಸೆಯ ಜೊತೆ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದರು. ಆ ಅಜ್ಜಿಯ ದೇವಶಾಸ್ತ್ರ ಗಟ್ಟಿಯಾದದ್ದು. ಯಾರ ಆರಾಧನೆ ಮಾಡುತ್ತೀಯೋ ಅವರ ಗುರುತು ನಿನ್ನ ಮೇಲಿರುತ್ತದೆ ಎಂಬುದೇ ಆ ಎರಡು ಅಧ್ಯಾಯಗಳ ತಿರುಳು. ತಿಳಿಯದೆ, ಮೋಸಹೋಗಿ, ವೈದ್ಯರ ಕೈಯಲ್ಲಿ ಬೀಳುವ ಗುರುತು ಅದಲ್ಲ.

ದಿನ ಗೊತ್ತುಮಾಡುವವರ ಚರಿತ್ರೆ ಉದ್ದವಾಗಿದೆ. ಎರಡನೆಯ ಶತಮಾನದಲ್ಲೇ ಫ್ರಿಜಿಯಾದ ಮೊಂಟಾನಸನ ಹಿಂಬಾಲಕರು ಹೊಸ ಯೆರೂಸಲೇಮ್ ತಮ್ಮ ಪೆಪುಜ ಪಟ್ಟಣದಲ್ಲೇ ಇಳಿಯುತ್ತದೆಂದು ಕಾದರು. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ರೈತ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, 1843ಕ್ಕೆ ಬಂದು ನಿಂತರು. ಆ ಗಡುವು ದಾಟಿದ ಮೇಲೆ ಅವರ ಬಳಗದವರು 1844ರ ಅಕ್ಟೋಬರ್ 22 ಎಂದು ಹೊಸ ದಿನ ಇಟ್ಟರು. ಬೆಳೆದ ಬೆಳೆಯನ್ನು ಹೊಲದಲ್ಲೇ ಬಿಟ್ಟು ಕಾದವರಿದ್ದರು. ಬೆಳಗಾಯಿತು, ಏನೂ ಆಗಲಿಲ್ಲ. ಅವರ ಅಳುವನ್ನು ನಾನು ಹಗುರವಾಗಿ ಕಾಣಲಾರೆ. ಅವರಲ್ಲಿ ಬಹಳ ಜನ ಪ್ರಾಮಾಣಿಕರು, ಮಿಲ್ಲರ್ ಕೂಡ. ಅದೇ ಗುಂಪಿನಲ್ಲಿ ಉಳಿದವರಿಂದ ಮುಂದೆ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಆ ಸಭೆ ಮತ್ತೆ ದಿನ ಗೊತ್ತುಮಾಡಲಿಲ್ಲ. ಆಸ್ಪತ್ರೆ ಕಟ್ಟಿತು, ಶಾಲೆ ನಡೆಸಿತು.

ಪ್ರಾಮಾಣಿಕತೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ದಾಮಿ ಮಿಷನ್ ಎಂಬ ಪಂಗಡ 1992ರ ಅಕ್ಟೋಬರ್ 28ರಂದು ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುತ್ತಾರೆ ಎಂದು ಸಾರಿತು. ಜನ ನೌಕರಿ ಬಿಟ್ಟರು, ಮನೆ ಮಾರಿದರು. ಆ ದಿನಕ್ಕೆ ಮೊದಲೇ ಅದರ ಮುಖಂಡ ಲೀ ಜಾಂಗ್‌ರಿಮ್ ವಂಚನೆಯ ಆರೋಪದಲ್ಲಿ ಬಂಧನಕ್ಕೊಳಗಾದ. ಆತ ಹಣ ಹಾಕಿದ್ದ ಬಾಂಡುಗಳ ಅವಧಿ ಮುಗಿಯುವುದು 1993ರ ಮೇ ತಿಂಗಳಲ್ಲಿ ಎಂದು ಹೊರಬಿತ್ತು. ಕೆನ್ಯಾದ ಶಾಕಹೋಲ ಕಾಡಿನಲ್ಲಿ 2023ರಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು. ಅವರಲ್ಲಿ ಮಕ್ಕಳೂ ಇದ್ದರು. ಲೋಕ ಮುಗಿಯುವ ಮೊದಲು ಉಪವಾಸವಿದ್ದು ಪ್ರಾಣ ಬಿಟ್ಟರೆ ಯೇಸುವನ್ನು ಸೇರಬಹುದೆಂದು ಬೋಧಿಸಿದ ಆರೋಪ ಅಲ್ಲಿನ ಬೋಧಕನ ಮೇಲಿದೆ. ಆ ಮಕ್ಕಳ ವಿಷಯ ನೆನೆದಾಗ, ಅಂತ್ಯದ ಬೋಧನೆಯಲ್ಲಿ ಸ್ವಲ್ಪ ಅತಿಯಾದರೇನಂತೆ ಎಂದು ಹೇಳುವವರ ಮುಂದೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಆ ದಿನ, ಆ ಗಳಿಗೆ ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಯೇಸುಸ್ವಾಮಿಯೇ ಹೇಳಿದರು. ಪುನರುತ್ಥಾನದ ನಂತರ ಶಿಷ್ಯರು ಮತ್ತೆ ಅದನ್ನೇ ಕೇಳಿದಾಗ ಅದು ನಿಮಗೆ ಸಂಬಂಧಿಸಿದ್ದಲ್ಲ ಎಂದು ಹೇಳಿ ಅವರನ್ನು ಕೆಲಸಕ್ಕೆ ಕಳಿಸಿದರು. ಸ್ವಾಮಿಗೇ ತಿಳಿಯದ ದಿನವನ್ನು ತಿಳಿದಿದ್ದೇನೆ ಎನ್ನುವವನ ಮುಂದೆ ವಿಶ್ವಾಸಿ ಹೆಚ್ಚು ಹೊತ್ತು ಕೂರಬೇಕಾಗಿಲ್ಲ.

ಆದರೆ ದಿನ ಎಣಿಸಿದವರೆಲ್ಲ ಮೋಸಗಾರರಲ್ಲ. ಈಗ ನಮ್ಮ ಕನ್ನಡ ನಾಡಿಗೇ ನೇರ ಸಂಬಂಧವಿರುವ ಒಂದು ಉದಾಹರಣೆ ಹೇಳುತ್ತೇನೆ. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಎಂಬ ದೊಡ್ಡ ವಿದ್ವಾಂಸರಿದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಪ್ರತಿಗಳನ್ನು ಹೋಲಿಸಿ ಶೋಧಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು. ಇಷ್ಟು ಎಚ್ಚರದ ಮನುಷ್ಯರೇ ಪ್ರಕಟನೆಯ ಅಂಕಿಗಳನ್ನು ಲೆಕ್ಕಹಾಕಿ, 1836ರಲ್ಲಿ ಮೃಗ ಸೋತು ಹೊಸ ಯುಗ ತೆರೆಯುತ್ತದೆ ಎಂದು ಬರೆದಿಟ್ಟರು. ಆ ಸೀಮೆಯ ಭಕ್ತ ಕುಟುಂಬಗಳಲ್ಲಿ ಈ ನಿರೀಕ್ಷೆ ತಲೆಮಾರುಗಳವರೆಗೆ ಹರಡಿತ್ತು. 1817ರಲ್ಲಿ ಸಾವಿರಾರು ಜನ ಮನೆಮಠ ಮಾರಿ ರಷ್ಯಾದ ಕಾಕಸಸ್ ಕಡೆಗೆ ಹೊರಟರು; ಬರಲಿರುವ ಸಂಕಟದ ದಿನಗಳಿಗೆ ಪೂರ್ವದಲ್ಲಿ ಆಶ್ರಯವಿದೆ ಎಂಬ ನಂಬಿಕೆಯೂ ಅವರನ್ನು ನಡೆಸಿತ್ತು. ದಾರಿಯಲ್ಲೇ ರೋಗಕ್ಕೆ ಸಿಕ್ಕಿ ಬಹಳ ಮಂದಿ ಸತ್ತರು.

ಅದೇ ಭಕ್ತಿಯ ನೆಲದಲ್ಲಿ ಇನ್ನೊಂದು ಕವಲೂ ಒಡೆಯಿತು. 1815ರಲ್ಲಿ ಬಾಸೆಲ್ ಮಿಷನ್ ಸ್ಥಾಪನೆಯಾಯಿತು. ಅದು ಕಳಿಸಿದ ತರುಣರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗಿನವರು. 1834ರಲ್ಲಿ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದರು. ಬೆಂಗೆಲ್ ಗೊತ್ತುಮಾಡಿದ್ದ ಅದೇ 1836ರಲ್ಲಿ ವ್ಯುರ್ಟೆಂಬರ್ಗಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದರು. ಮೋಗ್ಲಿಂಗ್ ಆ ಲೆಕ್ಕವನ್ನು ನಂಬಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಅಂತ್ಯದ ನಿರೀಕ್ಷೆ ದಟ್ಟವಾಗಿದ್ದ ಗಾಳಿಯಲ್ಲಿ ಬೆಳೆದವರು ಅವರೆಲ್ಲ ಎಂಬುದರಲ್ಲಿ ಸಂಶಯವಿಲ್ಲ. 1836 ಸುಮ್ಮನೆ ಕಳೆಯಿತು. ಮೃಗ ಸೋಲಲಿಲ್ಲ, ಆಕಾಶ ಬಿರಿಯಲಿಲ್ಲ. ಅವರು ಏನು ಮಾಡಿದರು? 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಇಟ್ಟರು. 1843ರ ಜುಲೈ 1ರಂದು ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅಮೆರಿಕದಲ್ಲಿ ಮಿಲ್ಲರ್ ಅವರ ಬಳಗ ಲೋಕದ ಕೊನೆಗೆ ಕಾಯುತ್ತಿದ್ದ ಅದೇ ವರ್ಷ! 1851ರಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ. 1853ರಲ್ಲಿ ಬಂದ ಕಿಟ್ಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ತಮ್ಮ ಕನ್ನಡ ನಿಘಂಟನ್ನು ಮುಗಿಸಿದರು. ವ್ಯುರ್ಟೆಂಬರ್ಗಿನವರೇ ಆದ ವೈಗ್ಲೆ ಕನ್ನಡ ಸತ್ಯವೇದದ ಪರಿಷ್ಕರಣೆಗೆ ಆಯುಷ್ಯ ತೇದರು.

ಇವರನ್ನು ನಾನು ದೇವದೂತರೆಂದು ಚಿತ್ರಿಸುತ್ತಿಲ್ಲ. ಈ ನೆಲದ ದೇವರುಗಳ ಬಗ್ಗೆ, ಪೂಜೆ ಪದ್ಧತಿಗಳ ಬಗ್ಗೆ ಅವರು ಆಡಿದ ಕೆಲವು ಮಾತು ಇಂದು ಓದಿದರೆ ನೋವಾಗುತ್ತದೆ. ತೀರ್ಪಿನ ಬೆದರಿಕೆಯೂ ಅವರ ಪ್ರಸಂಗಗಳಲ್ಲಿ ಇತ್ತು. ಹಾಗಿದ್ದೂ ಒಂದು ಮಾತು ನಿಲ್ಲುತ್ತದೆ: ಸ್ವಾಮಿ ಬರುತ್ತಾರೆಂದು ನಿಜವಾಗಿ ನಂಬಿದ ಮನುಷ್ಯ ಒಂದು ಭಾಷೆಯ ಪದಗಳನ್ನು ಒಂದೊಂದಾಗಿ ಆರಿಸಿ ಕೋಶ ಕಟ್ಟಬಲ್ಲ. ಬರೋಣದ ನಂಬಿಕೆಗೂ ನಾಳೆಯ ಕೆಲಸಕ್ಕೂ ಜಗಳವಿಲ್ಲ. ಜಗಳ ಇರುವುದು ಭಯಕ್ಕೂ ಕೆಲಸಕ್ಕೂ. ನಮ್ಮ ಹಳೆಯ ಮನೆಗಳ ಮೇಲಿನ ಬಾಸೆಲ್ ಮಿಷನ್ ಹೆಂಚುಗಳನ್ನು ಮಾಡಿಸಿದವರು ಲೋಕ ಶಾಶ್ವತವೆಂದು ನಂಬಿದವರಾಗಿರಲಿಲ್ಲ.

ರಹಸ್ಯವಾಗಿ ಎತ್ತಲ್ಪಡುವುದು, ಆಮೇಲೆ ಏಳು ವರ್ಷದ ಮಹಾಸಂಕಟ, ಆಮೇಲೆ ಬರೋಣ ಎಂಬ ಕ್ರಮದ ಬಗ್ಗೆ ಒಂದು ಮಾತು. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರದರನ್ ಪಂಥದ ಜಾನ್ ನೆಲ್ಸನ್ ಡಾರ್ಬಿ ಕಟ್ಟಿ ಹರಡಿದ ವ್ಯಾಖ್ಯಾನ. 1909ರ ಸ್ಕೋಫೀಲ್ಡ್ ಬೈಬಲ್ ತನ್ನ ಅಡಿಟಿಪ್ಪಣಿಗಳ ಮೂಲಕ ಅದನ್ನು ಜಗತ್ತಿಗೆಲ್ಲ ಒಯ್ಯಿತು. ಇಪ್ಪತ್ತನೆಯ ಶತಮಾನದ ಕಾದಂಬರಿ, ಸಿನಿಮಾಗಳು ಉಳಿದದ್ದನ್ನು ಮಾಡಿದವು. ಕಥೋಲಿಕ, ಆರ್ಥೊಡಾಕ್ಸ್, ಲೂಥರನ್ ಸಭೆಗಳು ಹೀಗೆ ಬೋಧಿಸುವುದಿಲ್ಲ. ಹಿಪ್ಪೋದ ಅಗಸ್ಟೀನ್ ಸಾವಿರ ವರ್ಷದ ಆಳ್ವಿಕೆಯನ್ನು ಸಭೆಯ ಈಗಿನ ಕಾಲವೆಂದೇ ಓದಿದ. ನಮ್ಮ ಪೆಂತೆಕೋಸ್ತ್ ಮತ್ತು ಬ್ರದರನ್ ಸಭೆಗಳ ಸಹೋದರರಲ್ಲಿ ಅನೇಕರು ಡಾರ್ಬಿಯ ಕ್ರಮವನ್ನು ಮನಸಾರೆ ನಂಬುತ್ತಾರೆ. ಅವರ ಪ್ರಾರ್ಥನೆಯ ಬಿಸಿ, ರೋಗಿಗಳ ಬಳಿ ರಾತ್ರಿಯಿಡೀ ಕೂರುವ ಅವರ ತಾಳ್ಮೆ ನಾನು ಕಂಡದ್ದು. ಅವರಲ್ಲಿ ನನ್ನ ಕೇಳಿಕೆ ಒಂದೇ. ನಂಬಿ, ಬೋಧಿಸಿ, ಆದರೆ ಇದು ಒಂದು ವ್ಯಾಖ್ಯಾನ, ಇದನ್ನು ಒಪ್ಪದವನೂ ಅದೇ ಸ್ವಾಮಿಯನ್ನು ಕಾಯುತ್ತಿದ್ದಾನೆ ಎಂಬುದನ್ನೂ ಜೊತೆಗೇ ಹೇಳಿ.

ನ್ಯಾಯತೀರ್ಪಿನ ಮಾತನ್ನು ಬಿಟ್ಟರೆ ಈ ಉಪನ್ಯಾಸ ಅಪ್ರಾಮಾಣಿಕವಾಗುತ್ತದೆ. ಓದಿದವರಾದ ನಾವು ತೀರ್ಪಿನ ಬಗ್ಗೆ ಮುಜುಗರಪಡುತ್ತೇವೆ, ದೇವರು ಪ್ರೀತಿ ಎಂದಷ್ಟೇ ಹೇಳಿ ಮುಗಿಸುತ್ತೇವೆ. ಆದರೆ ಹೊಲ ಕಸಿದುಕೊಂಡವನು ಕೋರ್ಟಿನಲ್ಲಿ ಗೆದ್ದು ಮೀಸೆ ತಿರುವುವುದನ್ನು ನೋಡಿದ ಮುದುಕನಿಗೆ, ಮಗಳನ್ನು ಕೊಂದವರು ಸಾಕ್ಷಿಯಿಲ್ಲದೆ ಬಿಡುಗಡೆಯಾದದ್ದನ್ನು ಕಂಡ ತಾಯಿಗೆ, ತೀರ್ಪಿಲ್ಲದ ಪ್ರೀತಿ ಯಾವ ಸಮಾಧಾನ ಕೊಡುತ್ತದೆ? ಅವರು ತೀರ್ಪಿಗೆ ಹೆದರುವುದಿಲ್ಲ, ತೀರ್ಪಿಗಾಗಿ ಕಾಯುತ್ತಾರೆ. ಪ್ರಕಟನೆಯಲ್ಲಿ ಯಜ್ಞವೇದಿಯ ಕೆಳಗಿನಿಂದ ಕೊಲೆಯಾದವರು ಇನ್ನೆಷ್ಟು ದಿನ ಎಂದು ಕೂಗುವುದು ಇಂಥವರ ದನಿಯಲ್ಲೇ. ಇನ್ನು ಆ ತೀರ್ಪಿನ ದಿನ ಕೇಳುವ ಪ್ರಶ್ನೆಗಳು ಮತ್ತಾಯನ 25ನೆಯ ಅಧ್ಯಾಯದಲ್ಲಿ ಮುಂಚಿತವಾಗಿಯೇ ಹೊರಬಿದ್ದಿವೆ. ಹಸಿದವನಿಗೆ ಊಟ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಪರದೇಶಿಯನ್ನು ಒಳಗೆ ಕರೆದೆಯಾ, ಬಟ್ಟೆಯಿಲ್ಲದವನಿಗೆ ಬಟ್ಟೆ ಹೊದಿಸಿದೆಯಾ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ನೋಡಲು ಹೋದೆಯಾ. ಮೃಗ ಯಾರೆಂದು ಗುರುತಿಸಿದೆಯಾ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ.

ಸ್ಮುರ್ನದ ಸಭೆಗೆ ಸಾಯುವ ತನಕ ನಂಬಿಗಸ್ತರಾಗಿರಿ ಎಂದು ಯೋಹಾನ ಬರೆದ. ಸುಮಾರು ಅರವತ್ತು ವರ್ಷಗಳ ನಂತರ ಅದೇ ಊರಿನ ಬಿಷಪ್ ಪೊಲಿಕಾರ್ಪನನ್ನು ಕ್ರೀಡಾಂಗಣದಲ್ಲಿ ಚಿತೆಗೇರಿಸಿ ಕೊಂದರು. ತನ್ನನ್ನು ಹಿಡಿಯಲು ಬಂದ ಸಿಪಾಯಿಗಳಿಗೆ ಆ ಮುದುಕ ಮೊದಲು ಊಟ ಬಡಿಸಲು ಹೇಳಿ, ತನಗೆ ಒಂದು ಗಳಿಗೆ ಪ್ರಾರ್ಥನೆಗೆ ಬಿಡುವು ಕೇಳಿದನೆಂದು ಆ ಸಭೆ ಬರೆದಿಟ್ಟ ವೃತ್ತಾಂತ ಹೇಳುತ್ತದೆ. ಪ್ರಕಟನೆಯನ್ನು ಮೊದಲು ಕೇಳಿಸಿಕೊಂಡ ಊರೊಂದರಲ್ಲಿ ಬೆಳೆದ ವಿಶ್ವಾಸ ಹೀಗಿತ್ತು. ಅಂತ್ಯ ಬಾಗಿಲಿಗೇ ಬಂದು ನಿಂತಾಗ ಅದು ಬಂದವರ ಹಸಿವನ್ನು ವಿಚಾರಿಸಿತು.

ಕೊನೆಯದಾಗಿ ಇಲ್ಲಿರುವ ಸಭಾಪಾಲಕರಲ್ಲಿ, ನಾಳೆ ಸಭಾಪಾಲಕರಾಗಲಿರುವ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದ ಪಾಠ ಎರಡನೆಯ ಬರೋಣದ್ದು. ನಾವು ನಕ್ಷತ್ರ ತೂಗುಹಾಕುವ ಗಡಿಬಿಡಿಯಲ್ಲಿ, ಕ್ಯಾರಲ್ ಅಭ್ಯಾಸದ ಗದ್ದಲದಲ್ಲಿ ಅದನ್ನು ದಾಟಿಹೋಗುತ್ತೇವೆ. ಈ ವರ್ಷ ದಾಟಿಹೋಗಬೇಡಿ. ಆ ದಿನ ಬರೋಣದ ಬಗ್ಗೆಯೇ ಪ್ರಸಂಗ ಮಾಡಿ. ಥೆಸಲೊನೀಕದವರ ಕಣ್ಣೀರಿನಿಂದ ಶುರುಮಾಡಿ. ಯಾರಾದರೂ ದಿನ ಗೊತ್ತಾಗಿದೆ ಎಂದು ಬಂದರೆ, ಜಾಗ ಮಾರಿ ಎಂದರೆ, ಔಷಧ ನಿಲ್ಲಿಸಿ ಎಂದರೆ, ಮಕ್ಕಳ ಓದು ಬಿಡಿಸಿ ಎಂದರೆ, ನಿಮ್ಮ ಜನರ ಮನೆಗೆ ನೀವೇ ಮೊದಲು ಹೋಗಿ. ಆಮೇಲೆ ಆ ನಾಲ್ಕು ವಾರಗಳಲ್ಲಿ ಒಂದು ಸಂಜೆ ಸಭೆಯನ್ನು ಕೂಡಿಸಿ ಪ್ರಕಟನೆಯ 22 ಅಧ್ಯಾಯಗಳನ್ನೂ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ. ಒಂದು ಸಂಜೆ ಸಾಕು. ಅದನ್ನು ಓದುವವನನ್ನೂ ಕೇಳುವವರನ್ನೂ ಆ ಗ್ರಂಥವೇ ತನ್ನ ಮೊದಲ ಅಧ್ಯಾಯದಲ್ಲಿ ಧನ್ಯರೆಂದು ಕರೆದಿದೆ.